ಎರಡು ಬಕೆಟ್ ಟೊಮೆಟೊ ಕಾಯಿ: ಗೆಳೆಯನಿಗೊಂದು ಪತ್ರ

ಧಾರವಾಡ
ಅಕ್ಟೋಬರ್ 12

ಪ್ರೀತಿಯ ದೋಸ್ತ,

ನೀನು ಕಳಿಸಿದ ಫೋಟೊ ನೋಡಿದೆ. ಎರಡು ಬಕೆಟ್ ತುಂಬಾ ಹಸಿರು ಟೊಮೆಟೊ, ಪಕ್ಕದಲ್ಲಿ ತಲೆ ಮೇಲೆ ಕೈ ಹೊತ್ತು ನಿಂತ ನೀನು. ನ್ಯೂಜೆರ್ಸಿಯಲ್ಲಿ ಮುಂದಿನ ವಾರ ಫ್ರಾಸ್ಟ್, ಅಂದರೆ ಗಿಡ ಸಾಯಿಸುವ ಹಿಮದ ಇಬ್ಬನಿ, ಬೀಳುತ್ತಂತೆ, ಅದಕ್ಕೇ ಇದ್ದಬದ್ದದ್ದನ್ನೆಲ್ಲ ಕಿತ್ತುಬಿಟ್ಟೆ, ಇವನ್ನು ಹಣ್ಣು ಮಾಡೋದು ಹೇಗೆ ಅಂತ ಕೇಳಿದ್ದೀಯ. ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದಳು. "ಇಷ್ಟು ಕಾಯಿಪಲ್ಲೆ ಮನ್ಯಾಗ ಇಟ್ಕೊಂಡು ಹಣ್ಣಾಗೂತನಕ ಯಾಕ ಕಾಯಬೇಕಂತ ಅವಾ?" ಅಂದಳು.

ನಿನಗೆ ಕಳಿಸಬೇಕಾದ ಉತ್ತರ ಇಷ್ಟೇ. ಆದರೆ ನನಗೆ ಉದ್ದ ಬರೆಯುವ ಚಟ, ನಿನಗೆ ಗೊತ್ತಲ್ಲ.

ಮಾವಿನಕಾಯಿ ಬೇರೆ, ಮಾವಿನಹಣ್ಣು ಬೇರೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿತ್ರಾನ್ನಕ್ಕೆ ಕಾಯಿ, ಸೀಕರಣೆಗೆ ಹಣ್ಣು. ಬಾಳೆಕಾಯಿ ಬಜ್ಜಿ ತಿನ್ನುವಾಗ 'ಪಾಪ, ಇದು ಹಣ್ಣಾಗಲಿಲ್ಲವಲ್ಲ' ಅಂತ ಯಾರೂ ಮರುಗುವುದಿಲ್ಲ. ಹಲಸಿನಕಾಯಿ ಪಲ್ಯಕ್ಕೂ ಅಷ್ಟೇ. ಟೊಮೆಟೊ ಒಂದಕ್ಕೆ ಮಾತ್ರ ನಾವು ಹಣ್ಣು ಅಂತಲೇ ಹೆಸರಿಟ್ಟುಬಿಟ್ಟಿದ್ದೇವೆ. ಹಸಿರಾಗಿದ್ದರೆ ಏನೋ ಕೊರತೆ ಅನ್ನಿಸುತ್ತದೆ. ಪೇಟೆಗೆ ಕೆಂಪಗಿನದೇ ಬರುವುದರಿಂದ ಈ ಅಭ್ಯಾಸ ಇರಬೇಕು. ಹಿತ್ತಲಲ್ಲಿ ಗಿಡ ಇದ್ದವರು ಯಾವತ್ತೂ ಕಾಯಿಯನ್ನೂ ಕಿತ್ತಿದ್ದಾರೆ.

ಆದರೂ ನೀನು ಕೇಳಿದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಬಕೆಟ್‌ನಲ್ಲಿರುವ ಎಲ್ಲವೂ ಹಣ್ಣಾಗುವುದಿಲ್ಲ. ಒಂದನ್ನು ಅಡ್ಡಡ್ಡ ಕೊಯ್ದು ನೋಡು. ಒಳಗೆ ಲೋಳೆ ತುಂಬಿದ್ದು, ಚಾಕು ಬಂದಾಗ ಬೀಜ ಪಕ್ಕಕ್ಕೆ ಜಾರಿಕೊಂಡರೆ ಆ ಗಾತ್ರ, ಆ ಬಣ್ಣದವು ಬಲಿತಿವೆ ಅಂತ ಲೆಕ್ಕ. ಅವು ಮನೆಯೊಳಗೇ ಹಣ್ಣಾಗುತ್ತವೆ. ಒಳಗೆ ಗಟ್ಟಿಯಾಗಿ, ಬೀಜವೂ ಚಾಕುವಿಗೆ ಸಿಕ್ಕು ತುಂಡಾದರೆ ಅದು ಎಳೆಯದು. ಎಷ್ಟು ದಿನ ಇಟ್ಟರೂ ಮುದುಡುತ್ತದೆ, ಕೊಳೆಯುತ್ತದೆ, ಹಣ್ಣಾಗುವುದಿಲ್ಲ. ಬಲಿತದ್ದಕ್ಕೆ ಮೇಲೆ ಒಂದು ಹೊಳಪು ಇರುತ್ತದೆ, ಬುಡದಲ್ಲಿ ಹಸಿರು ಸ್ವಲ್ಪ ಬೆಳ್ಳಗಾಗಿರುತ್ತದೆ. ನಾಲ್ಕು ಕೊಯ್ದರೆ ಕಣ್ಣಿಗೇ ಗೊತ್ತಾಗಿಬಿಡುತ್ತದೆ.

ಬಲಿತವನ್ನು ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ ಇಡು. ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲವೇ ಟೊಮೆಟೊವನ್ನೂ ಹಣ್ಣು ಮಾಡುತ್ತದೆ. ಬಿಸಿಲಿಗೆ ಇಡಬೇಕಿಲ್ಲ. 20 ಡಿಗ್ರಿ ಆಸುಪಾಸಿನ ಬೆಚ್ಚಗಿನ ಜಾಗ ಸಾಕು. ಫ್ರಿಜ್‌ಗೆ ಮಾತ್ರ ಹಾಕಬೇಡ. ಆ ಚಳಿಗೆ ಹಣ್ಣಾಗೋದು ನಿಂತುಹೋಗುತ್ತದೆ, ಆಮೇಲೆ ಹೊರಗೆ ತೆಗೆದರೂ ರುಚಿ ಬರುವುದಿಲ್ಲ. ನಮ್ಮಲ್ಲಿ ಇದರ ಉಲ್ಟಾ ಕಥೆ. 30 ಡಿಗ್ರಿ ದಾಟಿದರೆ ಕೆಂಪು ಬಣ್ಣ ಕೊಡುವ ಲೈಕೊಪೀನ್ ಸರಿಯಾಗಿ ಕೂಡುವುದಿಲ್ಲ. ಅದಕ್ಕೇ ಏಪ್ರಿಲ್‌ನಲ್ಲಿ ನಮ್ಮ ಹಿತ್ತಲಿನ ಟೊಮೆಟೊ ಹಳದಿ ಬಣ್ಣಕ್ಕೇ ನಿಂತುಬಿಡುತ್ತವೆ.

ಇನ್ನು ವೈನಿ ಕೇಳಿದ್ದು: ಹಸಿರು ಟೊಮೆಟೊ ವಿಷ ಅಂತಾರಲ್ಲ, ಹೌದಾ? ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಟೊಮೆಟೊ, ಆಲೂಗಡ್ಡೆ, ಬದನೆ ಎಲ್ಲ ಒಂದೇ ಕುಟುಂಬದವು. ಹಸಿರು ತಿರುಗಿದ ಆಲೂಗಡ್ಡೆಯಲ್ಲಿ ಸೊಲನೈನ್ ಅನ್ನುವ ವಿಷ ಇರುತ್ತದೆ, ಅದನ್ನು ತಿನ್ನಬಾರದು. ಟೊಮೆಟೊ ಕಾಯಿಯಲ್ಲಿರುವುದು ಟೊಮ್ಯಾಟಿನ್ ಅನ್ನುವ ಬೇರೆ ಪದಾರ್ಥ. ಅದು ಎಲೆ, ದಂಟಿನಲ್ಲಿ ಜಾಸ್ತಿ, ಎಳೆ ಕಾಯಿಯಲ್ಲಿ ಸ್ವಲ್ಪ ಜಾಸ್ತಿ, ಬಲಿತಂತೆಲ್ಲ ಕಡಿಮೆ. ಊಟದ ಜೊತೆ ಚಟ್ನಿ, ಪಲ್ಯ ಅಂತ ತಿನ್ನುವ ಅಳತೆಗೆ ಹೆದರಬೇಕಿಲ್ಲ. ಗೋಲಿ ಗಾತ್ರದವನ್ನು ಮಾತ್ರ ಗೊಬ್ಬರದ ಗುಂಡಿಗೆ ಹಾಕು. ಅವು ಹೇಗೂ ಕಹಿ.

ಈಗ ಚಟ್ನಿ. ಇದನ್ನು ಸರಿಯಾಗಿ ಓದು.

ಅರ್ಧ ಕೆಜಿ ಕಾಯಿ ತೆಗೆದುಕೋ. ಪೂರ್ತಿ ಹಸಿರಾಗಿರಬೇಕು. ಕೆಂಪು ಇಣುಕಿದ ದೋರೆಗಾಯಿ ಬೇಡ, ಅದು ನೀರು ಬಿಟ್ಟುಕೊಂಡು ಚಟ್ನಿಯನ್ನು ಗೊಜ್ಜು ಮಾಡುತ್ತದೆ. ತೊಟ್ಟಿನ ಹತ್ತಿರದ ಗಟ್ಟಿ ಭಾಗ ತೆಗೆದು, ಒಂದೊಂದನ್ನು ನಾಲ್ಕು ಹೋಳು ಮಾಡು. ಬಾಣಲೆಗೆ ಎರಡು ಚಮಚ ಶೇಂಗಾ ಎಣ್ಣೆ ಹಾಕು. ಹಸಿಮೆಣಸಿನಕಾಯಿ ಎಂಟು. ಮೊದಲು ಅವನ್ನು ಸೀಳಿಕೋ, ಇಲ್ಲದಿದ್ದರೆ ಎಣ್ಣೆಯಲ್ಲಿ ಸಿಡಿದು ಮುಖಕ್ಕೇ ಬರುತ್ತವೆ. ಅವುಗಳ ಮೈ ಬಿಳಿಚಿ ಗುಳ್ಳೆ ಎದ್ದಾಗ ಏಳೆಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ. ಆಮೇಲೆ ಟೊಮೆಟೊ ಕಾಯಿ, ಕೊಯ್ದ ಮುಖ ಕೆಳಗೆ ಮಾಡಿ.

ಇಲ್ಲಿ ಕೈ ಕಟ್ಟಿಕೊಂಡು ನಿಲ್ಲಬೇಕು. ಸೌಟು ಆಡಿಸಬೇಡ. ನೀರು ಹಾಕಬೇಡ. ಮೂರು ನಿಮಿಷಕ್ಕೆ ಚುಂಯ್ ಅನ್ನುವ ಸದ್ದು ತಗ್ಗಿ, ಅಂಚಿನಲ್ಲಿ ಸಣ್ಣ ನೊರೆ ಏಳುತ್ತದೆ. ಆಗ ಒಂದು ಹೋಳು ಮಗುಚಿ ನೋಡು. ಅಡಿ ಕಂದು ಹತ್ತಿರಬೇಕು, ಕಪ್ಪಲ್ಲ. ಗಿಳಿಹಸಿರು ಹೋಗಿ ಉಪ್ಪಿನಲ್ಲಿ ಹಾಕಿಟ್ಟ ನೆಲ್ಲಿಕಾಯಿಯ ಬಣ್ಣ ಬಂದಿರುತ್ತದೆ. ಬಣ್ಣ ಕೆಟ್ಟಿತಲ್ಲ ಅಂದುಕೊಳ್ಳಬೇಡ. ಕಾಯಿಯ ಹುಳಿಗೂ ಬಿಸಿಗೂ ಹಸಿರು ನಿಲ್ಲುವುದಿಲ್ಲ, ಅದೇ ಬೆಂದ ಗುರುತು. ವಾಸನೆಯೂ ಬದಲಾಗುತ್ತದೆ. ಮೊದಲು ಟೊಮೆಟೊ ಗಿಡ ಮುಟ್ಟಿದ ಕೈಯ ವಾಸನೆ, ಆಮೇಲೆ ಸುಟ್ಟ ಬದನೆಕಾಯಿಗೆ ಹತ್ತಿರದ್ದು. ಎಲ್ಲ ಮಗುಚಿ, ಮುಚ್ಚಳ ಮುಚ್ಚಿ ಇನ್ನು ನಾಲ್ಕು ನಿಮಿಷ. ಕಬ್ಬಿಣದ ಬಾಣಲೆಯಾದರೆ ಒಲೆ ಆರಿಸಿದ ಕೂಡಲೇ ಬೇರೆ ಪಾತ್ರೆಗೆ ಸುರಿ, ಹುಳಿಗೆ ಕಬ್ಬಿಣದ ರುಚಿ ಇಳಿಯುತ್ತದೆ.

ಹುರಿದು ಸಿಪ್ಪೆ ತೆಗೆದ ಶೇಂಗಾ ಒಂದು ಮುಷ್ಟಿ, ಹುರಿದ ಬಿಳಿ ಎಳ್ಳು ಒಂದು ದೊಡ್ಡ ಚಮಚ. ಇವೆರಡನ್ನೂ ಮಿಕ್ಸಿಯಲ್ಲಿ ಮೊದಲು ತರಿತರಿ ಮಾಡಿಕೋ. ಆಮೇಲೆ ಆರಿದ ಕಾಯಿ, ಮೆಣಸಿನಕಾಯಿ, ಉಪ್ಪು, ಅಡಿಕೆ ಗಾತ್ರದ ಬೆಲ್ಲ, ಒಂದು ಹಿಡಿ ಕೊತ್ತಂಬರಿ. ನಾಲ್ಕು ಸಲ ತಿರುವಿ ನಿಲ್ಲಿಸು. ನುಣ್ಣಗಾದರೆ ರೊಟ್ಟಿಗೆ ಹತ್ತುವುದಿಲ್ಲ, ಜಾರುತ್ತದೆ. ಅವ್ವ ಇವತ್ತಿಗೂ ಕಲ್ಲಿನಲ್ಲೇ ಕುಟ್ಟುತ್ತಾಳೆ, ಮಿಕ್ಸಿ ಚಟ್ನಿಯನ್ನು ಚಟ್ನಿ ಅಂತ ಒಪ್ಪುವುದೂ ಇಲ್ಲ. ನಾನು ಮಿಕ್ಸಿಯವನು. ಮೇಲೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ.

ಬಿಸಿ ಜೋಳದ ರೊಟ್ಟಿ, ಈ ಚಟ್ನಿ, ಮೇಲೊಂದು ಚಮಚ ಬೆಣ್ಣೆ. ಇದಕ್ಕಿಂತ ಹೆಚ್ಚು ಬರೆದರೆ ನಿನ್ನ ಹೊಟ್ಟೆ ಉರಿಸಿದ ಪಾಪ ಬರುತ್ತದೆ.

ಶೇಂಗಾ ಬದಲು ಗುರೆಳ್ಳು ಹುರಿದು ಹಾಕಿದರೂ ಚೆನ್ನ. ನಿಮ್ಮ ದೇಶದಲ್ಲಿ ಗುರೆಳ್ಳನ್ನು ಹಕ್ಕಿಗಳಿಗೆ ಹಾಕುತ್ತಾರೆ ಅಂತ ಓದಿ ಒಂದು ದಿನವೆಲ್ಲ ನಕ್ಕಿದ್ದೇನೆ. ದಯವಿಟ್ಟು ಹಕ್ಕಿ ಕಾಳಿನ ಚೀಲದಿಂದ ತೆಗೆಯಬೇಡ. ಇಂಡಿಯನ್ ಸ್ಟೋರಿನಲ್ಲಿ ಕೇಳು.

2023ರ ಜುಲೈ ನೆನಪಿದೆಯಾ? ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ಕೋಲಾರದ ಮಂಡಿಯಲ್ಲಿ 15 ಕೆಜಿಯ ಬಾಕ್ಸಿಗೆ ಎರಡು ಸಾವಿರಕ್ಕೂ ಮೇಲೆ ಹೋದ ಸುದ್ದಿ, ಹೊಲದಲ್ಲೇ ಟೊಮೆಟೊ ಕದ್ದ ಸುದ್ದಿ, ದಿನಾ ಟಿವಿಯಲ್ಲಿ ಅದೇ. ನಮ್ಮ ಹಿತ್ತಲಿನ ಗಿಡದಲ್ಲಿ ಆಗ ಹನ್ನೊಂದು ಕಾಯಿ ಇದ್ದವು. ಅವ್ವ ಚಟ್ನಿಗೆ ಕೀಳಲು ಹೊರಟಳು. ನಾನು ಬಿಡಲಿಲ್ಲ. ಹಣ್ಣಾಗಲಿ, ಸಾರಿಗೆ ಬರುತ್ತವೆ ಅಂತ ಲೆಕ್ಕ ಹಾಕಿ, ಹಳೆಯ ಸೊಳ್ಳೆಪರದೆ ಬೇರೆ ಹೊದಿಸಿದೆ. ಬಣ್ಣ ಇಣುಕಿದ್ದೇ ತಡ, ಪರದೆಯ ತೂತಿನಿಂದ ಪಿಕಳಾರ ನುಗ್ಗಿ ಏಳಕ್ಕೆ ಕೊಕ್ಕು ಹಾಕಿತು. ಉಳಿದ ನಾಲ್ಕು ಮಳೆಗೆ ಬಿರಿದವು. ಅವ್ವ ಒಂದು ತಿಂಗಳು ನನ್ನನ್ನು ಸಾಹುಕಾರ ಅಂತಲೇ ಕರೆದಳು.

ಹುಳಿ ಮಾಡುವುದಾದರೆ ನಾನು ಮಾಡಿದ ತಪ್ಪು ಮಾಡಬೇಡ. ಅವ್ವ ಅಕ್ಕನ ಊರಿಗೆ ಹೋಗಿದ್ದಾಗ, ಕೆಂಪು ಟೊಮೆಟೊ ಹಾಕುವ ಹಾಗೇ ತೊಗರಿಬೇಳೆಯ ಜೊತೆ ಕಾಯಿಯನ್ನೂ ಕುಕ್ಕರಿಗೆ ಹಾಕಿ ಕೂಗಿಸಿದೆ. ನಾಲ್ಕು ಸೀಟಿಯಾದರೂ ಬೇಳೆ ಕಾಳುಕಾಳಾಗಿಯೇ ಇತ್ತು. ಇನ್ನೂ ನಾಲ್ಕು ಕೂಗಿಸಿದೆ. ಊಹುಂ. ಹುಳಿ ಜಾಸ್ತಿಯಾದರೆ ಬೇಳೆ ಮೆತ್ತಗಾಗುವುದಿಲ್ಲ ಅನ್ನುವುದು ಆಗ ತಲೆಗೆ ಬಂತು. ಸಾಲದ್ದಕ್ಕೆ ಅಭ್ಯಾಸಬಲದಿಂದ ಹುಣಸೆಹಣ್ಣಿನ ರಸ ಬೇರೆ ಹಿಂಡಿದ್ದೆ. ಅಪ್ಪ ಒಂದು ತುತ್ತು ತಿಂದು, ಹಲ್ಲು ಜುಮ್ ಅಂದದ್ದಕ್ಕೆ ಕಣ್ಣು ಮುಚ್ಚಿ, ಸುಮ್ನೆ ಮೊಸರಿನ ಪಾತ್ರೆ ಹತ್ತಿರ ಎಳೆದುಕೊಂಡರು. ಒಂದು ಮಾತೂ ಆಡಲಿಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಬೇಳೆ ಬೇರೆ ಬೇಯಿಸು, ಕಾಯಿ ಬೇರೆ ಬೇಯಿಸು, ಆಮೇಲೆ ಕೂಡಿಸು. ಹುಣಸೆ ಬೇಡವೇ ಬೇಡ.

ಬೇಗ ಆಗಬೇಕಾದರೆ ಹಿಟ್ಟು ಹಚ್ಚಿದ ಪಲ್ಯ ಇದೆ. ಕಾಯಿ ಸಣ್ಣಗೆ ಹೆಚ್ಚಿ, ಈರುಳ್ಳಿ ಒಗ್ಗರಣೆಯಲ್ಲಿ ಬಾಡಿಸಿ, ಮೇಲೆ ಕಡಲೆಹಿಟ್ಟು ಉದುರಿಸಿ, ಮುಚ್ಚಿ, ಹಿಟ್ಟಿನ ಹಸಿ ವಾಸನೆ ಹೋಗುವವರೆಗೆ ಇಟ್ಟರೆ ಆಯಿತು. ಎಳೆಯವು, ಹಣ್ಣಾಗದವು ಅಂದೆನಲ್ಲ, ಅವಕ್ಕೆ ಇದೇ ಗತಿ. ಅಮೆರಿಕದ ದಕ್ಷಿಣದ ಕಡೆಯವರು ಕಾಯಿಯನ್ನು ಬಿಲ್ಲೆ ಮಾಡಿ, ಗೋವಿನಜೋಳದ ಹಿಟ್ಟು ಹಚ್ಚಿ ಕರಿಯುತ್ತಾರಲ್ಲ, ನೀನೇ ಒಮ್ಮೆ ಹೇಳಿದ್ದೆ. ನಮ್ಮ ಬಜ್ಜಿಯೂ ಅದೇ ದಾರಿ. ಬಿಲ್ಲೆಗೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಬಿಟ್ಟ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಆಮೇಲೆ ಕಡಲೆಹಿಟ್ಟಿನಲ್ಲಿ ಅದ್ದು. ಒರೆಸದೆ ಅದ್ದಿದರೆ ಹಿಟ್ಟು ಕಳಚಿ ಎಣ್ಣೆಯಲ್ಲಿ ತೇಲುತ್ತದೆ.

ಉಪ್ಪಿನಕಾಯಿ ಆಸೆ ಇದ್ದರೆ ಸ್ವಲ್ಪವೇ ಹಾಕು, ಫ್ರಿಜ್‌ನಲ್ಲಿಡು. ನಮ್ಮ ಬಿಸಿಲು ನಿನಗಿಲ್ಲ. ಗಿಡದಲ್ಲಿ ಇನ್ನೂ ಕಾಯಿ ಉಳಿದಿದ್ದರೆ ಫ್ರಾಸ್ಟ್‌ಗೆ ಮೊದಲೇ ಕೀಳು. ಫ್ರಾಸ್ಟ್ ಹೊಡೆದು ಸತ್ತ ಗಿಡದ ಕಾಯಿಯನ್ನು ಉಪ್ಪಿನಕಾಯಿಗೆ, ಡಬ್ಬಿಯಲ್ಲಿ ಇಡುವ ಯಾವುದಕ್ಕೂ ಬಳಸಬೇಡ. ಮಿಕ್ಕಿದ್ದನ್ನು ಹೋಳು ಮಾಡಿ ಫ್ರೀಜರಿಗೆ ಹಾಕಿಬಿಡು. ಜನವರಿಯಲ್ಲಿ ಹಿಮ ಬಿದ್ದಾಗ ಚಟ್ನಿಗಾಗುತ್ತದೆ. ನೀರು ಜಾಸ್ತಿ ಬಿಡುತ್ತದೆ, ಹುರಿಯೋದು ಇನ್ನೂ ಐದು ನಿಮಿಷ ಹೆಚ್ಚು, ಅಷ್ಟೇ.

ವೈನಿಗೆ ನಮಸ್ಕಾರ ಹೇಳು. ಮಗಳಿಗೆ ಖಾರ ಆಗುವುದಾದರೆ ಮೆಣಸಿನಕಾಯಿ ಮೂರಕ್ಕೆ ಇಳಿಸು, ನಿನಗೆ ಬೇರೆ ಬಟ್ಟಲಲ್ಲಿ ಮಾಡಿಕೋ.

ನಿನ್ನ
ಧಾರವಾಡದ ದೋಸ್ತ

ತಾ.ಕ.: ಅವ್ವ ಪತ್ರವನ್ನೆಲ್ಲ ಓದಿಸಿಕೊಂಡಳು. ಬೆಲ್ಲ ನಾನು ಬರೆದದ್ದು ಕಡಿಮೆಯಂತೆ, ಅಡಿಕೆ ಗಾತ್ರವಲ್ಲ, ಲಿಂಬೆಹಣ್ಣಿನ ಅರ್ಧದಷ್ಟು ಬೇಕಂತೆ. ಮಿಕ್ಸಿ ಅಂತ ಬರೆದದ್ದನ್ನು ಅಳಿಸು ಅಂದಳು. ಅಳಿಸಿದೆ ಅಂತ ಹೇಳಿದ್ದೇನೆ. ಫೋನು ಮಾಡಿದಾಗ ನೀನು ಬಾಯಿ ಬಿಡಬೇಡ.