ಕಟಿಂಗ್ ಯಂತ್ರ ಕೊಳ್ಳುವ ಮುನ್ನ ತುಂಡಿನ ಆಕಾರ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಕೌದಿ ಹೊಲಿಯುವವರಿಗೆಂದು ಬಂದಿರುವ, ಬಟ್ಟೆಯನ್ನು ಬೇಕಾದ ಆಕಾರಕ್ಕೆ ಕತ್ತರಿಸಿಕೊಡುವ ಎಲೆಕ್ಟ್ರಾನಿಕ್ ಕಟಿಂಗ್ ಯಂತ್ರಗಳನ್ನು ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಹುಕಾಲದಿಂದ ಕೌದಿ ಹೊಲಿಯುತ್ತ, ಕಲಿಯಬೇಕೆಂದು ಬಂದವರಿಗೆ ಹೇಳಿಕೊಡುತ್ತಲೂ ಇರುವ ನನಗೆ ಅಂಥದೊಂದು ಲೇಖನ ಬಂದದ್ದೇ ಸಂತೋಷದ ಸಂಗತಿ. ಆದರೆ ಯಂತ್ರ ಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದರಲ್ಲಿ ಬಿಟ್ಟುಹೋಗಿದೆ. ಯಂತ್ರ ಎಷ್ಟು ಬೇಗ ಕತ್ತರಿಸುತ್ತದೆ ಎನ್ನುವುದು ಆಮೇಲಿನ ಮಾತು. ನಾವು ಕತ್ತರಿಸುವ ತುಂಡುಗಳು ಯಾವ ಆಕಾರದವು ಎನ್ನುವುದನ್ನು ಮೊದಲು ನೋಡಬೇಕು.

ಚೌಕ, ಪಟ್ಟಿ, ತ್ರಿಕೋನ ಇವಿಷ್ಟರಲ್ಲೇ ಕೌದಿ ಮುಗಿಸುವವರು ಬಹಳ ಮಂದಿ ಇದ್ದಾರೆ. ಅಂಥವರಿಗೆ ಬೇಕಾದ ಉಪಕರಣವನ್ನು ಜಪಾನಿನ ಓಲ್ಫಾ ಸಂಸ್ಥೆ 1979ರಲ್ಲೇ ಕೊಟ್ಟಿದೆ. ಅದೇ ರೋಟರಿ ಕಟರ್: ಹಿಡಿಯ ತುದಿಯಲ್ಲಿ ಉರುಳುವ ದುಂಡು ಬ್ಲೇಡು. ಅದರ ಜೊತೆಗೆ ಬಟ್ಟೆಯ ಕೆಳಗೆ ಹಾಸಲು ಒಂದು ಮ್ಯಾಟ್, ಒಂದು ದಪ್ಪನೆಯ ಪಾರದರ್ಶಕ ಸ್ಕೇಲು ಇದ್ದರೆ ಸಾಕು. 42 ಇಂಚು ಅಗಲದ ಹತ್ತಿ ಬಟ್ಟೆಯನ್ನು ನಾಲ್ಕು ಪದರವಾಗಿ ಮಡಚಿ, ಎರಡೂವರೆ ಇಂಚಿನ ಪಟ್ಟಿ ಹೊಡೆದು, ಅದನ್ನೇ ಅಡ್ಡಕ್ಕೆ ಕತ್ತರಿಸಿದರೆ 16 ಚೌಕಗಳು ಕೈಗೆ ಬರುತ್ತವೆ. ಬ್ಲೇಡಿನ ಎಲೆಕ್ಟ್ರಾನಿಕ್ ಯಂತ್ರದಲ್ಲಿ ಇದೇ 16 ಚೌಕಗಳನ್ನು ಪಡೆಯಲು ಬಟ್ಟೆಯನ್ನು ಮೊದಲು ಕೈಯಿಂದಲೇ ಯಂತ್ರದ ಮ್ಯಾಟಿನ ಅಳತೆಗೆ ತಗ್ಗಿಸಿಕೊಳ್ಳಬೇಕು, ಸುಕ್ಕಿಲ್ಲದಂತೆ ಇಸ್ತ್ರಿ ಮಾಡಬೇಕು, ಅಂಟಿನ ಮ್ಯಾಟಿಗೆ ಒಂದೇ ಪದರವಾಗಿ ಒತ್ತಿ ಕೂರಿಸಬೇಕು, ಕತ್ತರಿಸಿ ಮುಗಿಯುವವರೆಗೆ ಕಾಯಬೇಕು, ಕೊನೆಗೆ ಒಂದೊಂದನ್ನೇ ಬಿಡಿಸಿ ತೆಗೆಯಬೇಕು. ನೇರ ಗೆರೆಯ ಕೆಲಸಕ್ಕೆ ಈ ಯಂತ್ರ ಕೊಳ್ಳುವುದು ದುಂದುವೆಚ್ಚ ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ತುಂಡುಗಳು ಬಾಗತೊಡಗಿದಾಗ ಲೆಕ್ಕ ಬೇರೆಯಾಗುತ್ತದೆ. ಎಲೆ, ಹೂವು, ಅಕ್ಷರಗಳನ್ನು ಕತ್ತರಿಸಿ ಬಟ್ಟೆಯ ಮೇಲೆ ಕೂರಿಸಿ ಹೊಲಿಯುವ ಅಪ್ಲಿಕ್ ಕೆಲಸ, ಕಾಲುವೃತ್ತದ ತುಂಡುಗಳನ್ನು ಒಂದಕ್ಕೊಂದು ಜೋಡಿಸುವ ವಿನ್ಯಾಸ, ಕಾಗದದ ಷಟ್ಕೋನಗಳ ಮೇಲೆ ಬಟ್ಟೆ ಮಡಚಿ ಕೈಯಿಂದ ಹೊಲಿಯುವ ಪದ್ಧತಿ ಇವುಗಳಲ್ಲಿ ಕತ್ತರಿ ಹಿಡಿದು ಕುಳಿತವರಿಗೆ ಹೊಲಿಗೆಗಿಂತ ಕಟಿಂಗಿನಲ್ಲೇ ಹೆಚ್ಚು ಹೊತ್ತು ಹೋಗುತ್ತದೆ. ಒಂದೇ ಅಳತೆಯ ನೂರಾರು ಷಟ್ಕೋನ ಕಾಗದಗಳನ್ನು ಯಂತ್ರವು ಒಂದಿಷ್ಟೂ ವ್ಯತ್ಯಾಸವಿಲ್ಲದೆ ಕತ್ತರಿಸಿಕೊಡುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಬ್ರದರ್ ಸಂಸ್ಥೆಯ ಸ್ಕ್ಯಾನ್‌ಎನ್‌ಕಟ್‌ನಲ್ಲಿ ಸ್ಕ್ಯಾನರ್ ಒಳಗೇ ಇರುವುದರಿಂದ, ನಾವು ಕಾಗದದ ಮೇಲೆ ಕೈಯಾರೆ ಬರೆದ ಚಿತ್ರವನ್ನು ಅದು ಓದಿಕೊಂಡು, ಸುತ್ತಲೂ ಹೊಲಿಗೆಯ ಅಂಚನ್ನು ತಾನೇ ಸೇರಿಸಿ ಕತ್ತರಿಸಬಲ್ಲುದು. ಪ್ರಿಂಟ್ ಬಟ್ಟೆಯ ಒಂದು ಹೂವು ತುಂಡಿನ ನಟ್ಟನಡುವೆ ಬರಬೇಕೆಂದರೂ ಬಟ್ಟೆಯನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆಯೇ ಜಾಗ ಗೊತ್ತುಮಾಡಿಕೊಳ್ಳಬಹುದು. 2017ರಲ್ಲಿ ಬಂದ ಕ್ರಿಕಟ್ ಮೇಕರ್ ಯಂತ್ರಕ್ಕೆ ರೋಟರಿ ಬ್ಲೇಡು ಇದ್ದು, ಹಿಂಬದಿಗೆ ಏನನ್ನೂ ಅಂಟಿಸದ ಬರಿ ಬಟ್ಟೆಯನ್ನೇ ಅದು ಕತ್ತರಿಸುತ್ತದೆ. ಆದರೆ ಉರುಳುವ ಬ್ಲೇಡಿಗೆ ಇಕ್ಕಟ್ಟಿನ ತಿರುವು ಒಗ್ಗದು. ಮುಕ್ಕಾಲು ಇಂಚಿಗಿಂತ ಚಿಕ್ಕ ಆಕಾರಗಳನ್ನು ಅದರಿಂದ ನಿರೀಕ್ಷಿಸಬಾರದು. ಮೊನೆಯಿಂದ ಎಳೆದುಕೊಂಡು ಹೋಗುವ ಸಣ್ಣ ಬ್ಲೇಡು ಎಂಥ ತಿರುವಿಗೂ ಬಗ್ಗುತ್ತದೆಯಾದರೂ ಅದಕ್ಕೆ ಸಾಮಾನ್ಯವಾಗಿ ಬಟ್ಟೆಯ ಹಿಂದೆ ಇಸ್ತ್ರಿಯ ಬಿಸಿಗೆ ಅಂಟುವ ಹಾಳೆ ಬೇಕು. ಇಲ್ಲವಾದರೆ ನೂಲು ಕತ್ತರಿಸುವ ಬದಲು ಎಳೆದುಕೊಂಡು ಬರುತ್ತದೆ. ಹಾಳೆ ಅಂಟಿಸಿದ ಬದಿಯನ್ನು ಮೇಲೆ ಮಾಡಿ ಕತ್ತರಿಸುವಾಗ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿಕೊಳ್ಳದಿದ್ದರೆ ಅಕ್ಷರಗಳೆಲ್ಲ ತಿರುಗುಮುರುಗಾಗುತ್ತವೆ ಎಂಬುದನ್ನು ಹೊಸಬರಿಗೆ ಯಾರಾದರೂ ಮುಂಚೆಯೇ ಹೇಳಬೇಕು.

ಲೇಖನದಲ್ಲಿ ಎರಡು ಬಗೆಯ ಯಂತ್ರಗಳು ಕಲಸಿಹೋಗಿರುವುದನ್ನೂ ತಮ್ಮ ಗಮನಕ್ಕೆ ತರುತ್ತೇನೆ. ಮೇಲೆ ಹೇಳಿದವು ಕಂಪ್ಯೂಟರಿನ ಅಥವಾ ಯಂತ್ರದೊಳಗಿನ ಚಿತ್ರವನ್ನು ಅನುಸರಿಸಿ ಬ್ಲೇಡು ಓಡಿಸುವಂಥವು. ಇನ್ನೊಂದು ಬಗೆಯಲ್ಲಿ, ಸ್ಪಂಜಿನೊಳಗೆ ಅಲಗು ಹುದುಗಿಸಿಟ್ಟ ಡೈ ಎಂಬ ಅಚ್ಚುಹಲಗೆಯ ಮೇಲೆ ಬಟ್ಟೆ ಹಾಸಿ ಎರಡು ರೋಲರುಗಳ ನಡುವೆ ತೂರಿಸಲಾಗುತ್ತದೆ; ಅಕ್ಯುಕ್ವಿಲ್ಟ್ ಸಂಸ್ಥೆಯವು ಈ ಜಾತಿಗೆ ಸೇರಿದವು. ಇವುಗಳಲ್ಲಿ ಹಿಡಿ ತಿರುಗಿಸುವಂಥವೂ ಇವೆ, ವಿದ್ಯುತ್ತಿನಿಂದ ರೋಲರು ತಿರುಗುವಂಥವೂ ಇವೆ. ಹೆಚ್ಚಿನ ಡೈಗಳಲ್ಲಿ ಹತ್ತಿ ಬಟ್ಟೆಯ ಆರು ಪದರಗಳನ್ನು ಒಮ್ಮೆಗೇ ಕತ್ತರಿಸಬಹುದಾದ್ದರಿಂದ, ಒಂದೇ ಆಕಾರವನ್ನು ರಾಶಿಗಟ್ಟಲೆ ಕತ್ತರಿಸುವವರಿಗೆ ನಿಜವಾದ ವೇಗ ಸಿಗುವುದು ಇಲ್ಲಿ. ಆಕಾರ ಬದಲಾದರೆ ಡೈ ಬದಲಾಗಬೇಕು, ಅಳತೆ ಬದಲಾದರೂ ಬದಲಾಗಬೇಕು; ಯಂತ್ರಕ್ಕೆ ಕೊಟ್ಟ ಹಣವನ್ನು ಡೈಗಳ ಖರ್ಚು ಮೀರಿಸುವುದು ಕಷ್ಟವೇನಲ್ಲ. ಹಾಸುನೂಲು ರೋಲರಿನತ್ತ ಸಾಗುವ ದಿಕ್ಕಿನಲ್ಲೇ ಇರುವಂತೆ ಬಟ್ಟೆಯನ್ನು ಹಾಸಬೇಕು. ಹೊಕ್ಕುನೂಲಿನ ದಿಕ್ಕಿಗೆ ಬಟ್ಟೆ ಹೆಚ್ಚು ಹಿಗ್ಗುವುದರಿಂದ, ಅಡ್ಡಡ್ಡ ಹಾಸಿದರೆ ರೋಲರಿನ ಒತ್ತಡಕ್ಕೆ ಎಳೆದುಕೊಂಡು, ಹೊರಬಂದ ಚೌಕ ಚೌಕವಾಗಿ ಉಳಿಯುವುದಿಲ್ಲ.

ನಿಖರತೆಯ ವಿಷಯದಲ್ಲಿ ಯಂತ್ರವನ್ನು ಹೊಗಳಿರುವುದು ಸರಿಯಾಗಿಯೇ ಇದೆ. ಕೌದಿಯಲ್ಲಿ ಹೊಲಿಗೆಗೆ ಬಿಡುವ ಅಂಚು ಕಾಲು ಇಂಚು. ಒಂದೊಂದು ತುಂಡಿನಲ್ಲಿ ಇಂಚಿನ ಹದಿನಾರನೇ ಒಂದು ಪಾಲು ತಪ್ಪಿದರೂ, 16 ತುಂಡುಗಳ ಸಾಲೊಂದು ಪಕ್ಕದ ಸಾಲಿಗಿಂತ ಒಂದು ಇಂಚು ಉದ್ದವೋ ಗಿಡ್ಡವೋ ಆಗಿ ಮೂಲೆಗಳು ಕೂಡುವುದೇ ಇಲ್ಲ. ಆದರೆ ಬ್ಲೇಡು ಓಡಿಸುವ ಯಂತ್ರದ ಈ ನಿಖರತೆ ನಿಂತಿರುವುದು ಮ್ಯಾಟಿನ ಅಂಟಿನ ಮೇಲೆ. ಕೆಲವು ಬಾರಿ ಬಳಸುವಷ್ಟರಲ್ಲಿ ಮ್ಯಾಟಿನ ತುಂಬ ನೂಲಿನ ಎಳೆಗಳೂ ಹತ್ತಿಯ ಜುಂಗೂ ಮೆತ್ತಿಕೊಂಡು, ಬಟ್ಟೆಯ ಮೂಲೆ ಮೆಲ್ಲಗೆ ಏಳತೊಡಗುತ್ತದೆ. ಬ್ಲೇಡು ಅಲ್ಲಿಗೆ ಬಂದಾಗ ಬಟ್ಟೆ ಕೂದಲೆಳೆಯಷ್ಟು ಸರಿದು, ತುದಿಯಲ್ಲಿ ಎರಡು ಮೂರು ಎಳೆ ಕತ್ತರಿಸದೆ ಉಳಿಯುತ್ತವೆ. ಅದನ್ನು ಕೈಯಿಂದ ಜಗ್ಗದೆ ಕತ್ತರಿಯಿಂದ ಬಿಡಿಸಬೇಕು, ಜಗ್ಗಿದರೆ ಅಂಚೇ ಬಿಚ್ಚಿಕೊಳ್ಳುತ್ತದೆ. ಮೊದಲೇ ಒಗೆದ ಬಟ್ಟೆ ಮೆತ್ತಗಿರುವುದರಿಂದ ಅದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಇಷ್ಟಾದರೂ ಹೊಲಿಯುವಾಗ ಅಂಚು ಕಾಲು ಇಂಚಿಗೆ ನಿಲ್ಲದಿದ್ದರೆ ಕಟಿಂಗಿನ ನಿಖರತೆ ಏನೂ ಮಾಡಲಾರದು.

ಕೊಂಡ ಮೇಲಿನ ಖರ್ಚನ್ನು ಲೇಖನ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದೆ. ಮ್ಯಾಟು, ಬ್ಲೇಡು, ಅಂಟಿನ ಹಾಳೆ ಇವು ಮತ್ತೆ ಮತ್ತೆ ಕೊಳ್ಳಬೇಕಾದವು. ಅದಕ್ಕಿಂತಲೂ ನನ್ನನ್ನು ಕಾಡುವುದು ಸಾಫ್ಟ್‌ವೇರಿನ ಹಂಗು. 2021ರ ಮಾರ್ಚ್‌ನಲ್ಲಿ ಕ್ರಿಕಟ್ ಸಂಸ್ಥೆಯು, ಚಂದಾ ಕಟ್ಟದ ಬಳಕೆದಾರರು ಯಂತ್ರವನ್ನು ನಡೆಸುವ ಸಾಫ್ಟ್‌ವೇರಿಗೆ ತಮ್ಮದೇ ಚಿತ್ರಗಳನ್ನು ತಿಂಗಳಿಗೆ 20ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ ಎಂದು ಪ್ರಕಟಿಸಿತು. ಬಳಕೆದಾರರು ತೀವ್ರವಾಗಿ ಪ್ರತಿಭಟಿಸಿದ ಮೇಲೆ ಅದೇ ತಿಂಗಳು ಆ ನಿರ್ಧಾರವನ್ನು ಕೈಬಿಟ್ಟಿತು. ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಆದರೆ ಪೂರ್ತಿ ಹಣ ಕೊಟ್ಟು ಮನೆಗೆ ತಂದ ಯಂತ್ರದ ಉಪಯೋಗವನ್ನು ತಯಾರಕರು ದೂರದಿಂದಲೇ ಮೊಟಕುಗೊಳಿಸಬಹುದು ಎಂಬುದು ಅಂದು ಎಲ್ಲರಿಗೂ ತಿಳಿಯಿತು. ಇಂಟರ್‌ನೆಟ್ ಇಲ್ಲದೆ, ಖಾತೆ ತೆರೆಯದೆ ಈ ಯಂತ್ರ ಎಷ್ಟು ಕೆಲಸ ಮಾಡುತ್ತದೆ ಎಂದು ಅಂಗಡಿಯಲ್ಲಿ ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ.

ಒಂದು ವರ್ಗದವರಿಗೆ ಮಾತ್ರ ನನ್ನ ಈ ಮಾತುಗಳು ಅನ್ವಯಿಸುವುದಿಲ್ಲ. ಮಣಿಕಟ್ಟಿನ ನೋವು, ಬೆರಳ ಗೆಣ್ಣುಗಳ ಸಂಧಿವಾತ, ನಡುಗುವ ಕೈ ಇಂಥ ತೊಂದರೆಗಳಿಂದ ರೋಟರಿ ಕಟರನ್ನು ಒತ್ತಿ ಹಿಡಿಯಲಾಗದೆ ಹೊಲಿಗೆಯನ್ನೇ ಬಿಟ್ಟವರನ್ನು ನಾನು ಬಲ್ಲೆ. ಅವರು ಬರಿ ಚೌಕಗಳನ್ನೇ ಕತ್ತರಿಸಲಿ, ಯಂತ್ರ ಎಷ್ಟೇ ನಿಧಾನವಾಗಲಿ, ಕೊಂಡದ್ದು ಸಾರ್ಥಕ. ಹಿಡಿ ತಿರುಗಿಸುವ ಡೈ ಯಂತ್ರವು ಭುಜಕ್ಕೆ ಶ್ರಮ ಕೊಡುವುದರಿಂದ ಅವರು ವಿದ್ಯುತ್ತಿನದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಮುಂದೆ ಇಂಥ ಲೇಖನ ಪ್ರಕಟಿಸುವಾಗ ಯಾವ ಯಂತ್ರ ಯಾವ ಆಕಾರಕ್ಕೆ ಒದಗುತ್ತದೆ, ಅದರ ಜೊತೆಗೆ ಏನೇನು ಕೊಳ್ಳುತ್ತಲೇ ಇರಬೇಕು ಎಂಬ ವಿವರಗಳಿಗೂ ದಯವಿಟ್ಟು ಜಾಗ ಕೊಡಬೇಕೆಂದು ಕೋರುತ್ತೇನೆ. ಕೊಳ್ಳಲು ಹೊರಟ ಓದುಗರಲ್ಲಿ ನನ್ನದೊಂದು ವಿನಂತಿ: ಮಾರಾಟಗಾರರು ಕತ್ತರಿಸಿ ತೋರಿಸುವ ಗಟ್ಟಿ ಬಟ್ಟೆಯನ್ನು ನೆಚ್ಚದೆ, ತಾವು ದಿನವೂ ಹೊಲಿಯುವ ಬಟ್ಟೆಯನ್ನೇ ಒಯ್ದು, ತಮ್ಮ ಮುಂದಿನ ಕೌದಿಗೆ ಬೇಕಾದ ಆಕಾರವನ್ನೇ ಕತ್ತರಿಸಲು ಕೇಳಿ, ಹೊರಬಂದ ತುಂಡನ್ನು ಅಲ್ಲೇ ಸ್ಕೇಲಿಟ್ಟು ಅಳೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಕೌದಿ ಹೊಲಿಯುವ ಓದುಗರೊಬ್ಬರು