ಮಗಳಿಗೊಂದು ಪತ್ರ: ಪಾತ್ರೆ ತೊಳೆಯುವ ಪಾಳಿ ಕೇಳಿ ತಗೋ

ಪ್ರೀತಿಯ ಪುಟ್ಟಿಗೆ,

ಜರ್ಮನಿಯಲ್ಲಿ ನೀನಿರುವ ಊರಿನ ವೇಕ್ ಅಪ್ ಗುಂಪಿನವರು ಸಂಜೆಯ ಧ್ಯಾನಕ್ಕೆ ಕರೆದಿದ್ದಾರೆ, ಹೋಗಲೋ ಬೇಡವೋ ಅಂತ ಕೇಳಿದ್ದೀಯ. ಹೋಗು. ಆದರೆ ಒಂದೇ ಸಲ ಹೋಗಿ, "ಯಾರೂ ಮಾತೇ ಆಡಿಸಲಿಲ್ಲ ಅಮ್ಮ" ಅಂತ ಫೋನ್ ಮಾಡುವುದಾದರೆ ಬೇಡ. ಆ ಎರಡು ಗಂಟೆಯಲ್ಲಿ ಬಹಳ ಹೊತ್ತು ಯಾರೂ ಯಾರನ್ನೂ ಮಾತಾಡಿಸುವುದಿಲ್ಲ, ಅಲ್ಲಿನ ರೀತಿಯೇ ಹಾಗೆ. ನಾಲ್ಕೈದು ವಾರ ಬಿಡದೆ ಹೋಗುತ್ತೇನೆ ಅಂತ ಮೊದಲೇ ನಿಶ್ಚಯ ಮಾಡಿಕೊಂಡು ಹೋಗು.

ಇದು ವಿಯೆಟ್ನಾಮಿನ ಜೆನ್ ಗುರು ತಿಕ್ ನ್ಯಾಟ್ ಹಾನ್ ಅವರ ಪರಂಪರೆಯ ಯುವಕರ ಬಳಗ. ಯುದ್ಧ ನಿಲ್ಲಿಸಿ ಅಂತ ಕೇಳಲು 1966ರಲ್ಲಿ ದೇಶದಿಂದ ಹೊರಟವರಿಗೆ ಆಮೇಲೆ ದಶಕಗಳ ಕಾಲ ಮರಳುವ ದಾರಿ ಮುಚ್ಚಿಹೋಯಿತು. 1982ರಲ್ಲಿ ಫ್ರಾನ್ಸಿನ ನೈಋತ್ಯದ ಹಳ್ಳಿಗಾಡಿನಲ್ಲಿ ಪ್ಲಮ್ ವಿಲೇಜ್ ಅನ್ನುವ ಮಠ ಕಟ್ಟಿದರು. 18ರಿಂದ 35 ವಯಸ್ಸಿನವರಿಗೆಂದು ವೇಕ್ ಅಪ್ ಶುರುವಾದದ್ದು 2008ರಲ್ಲಿ. ಗುರುಗಳು 2022ರ ಜನವರಿಯಲ್ಲಿ ಹ್ವೇ ನಗರದ ತಮ್ಮ ಮೂಲ ಮಠದಲ್ಲಿ ತೀರಿಕೊಂಡರು. ಮುಂದಿನ ಬುದ್ಧ ಒಬ್ಬ ಮನುಷ್ಯನಾಗಿ ಬಾರದೆ ಒಂದು ಸಂಘವಾಗಿ ಬರಬಹುದು ಅನ್ನುತ್ತಿದ್ದವರು ಅವರು. ಅದಕ್ಕೇ ನಿನ್ನ ಗುಂಪಿನಲ್ಲಿ ಸ್ವಾಮೀಜಿ ಅಂತ ಯಾರನ್ನೂ ಹುಡುಕಬೇಡ. ನಿನ್ನ ವಯಸ್ಸಿನವರೇ ಸರದಿಯ ಮೇಲೆ ನಡೆಸುತ್ತಾರೆ.

ಮೊದಲು ಕೂರುವ ವಿಷಯ. ನೆಲದ ಮೇಲೆ ಚೌಕದ ಹಾಸು, ಅದರ ಮೇಲೊಂದು ದಪ್ಪನೆಯ ಗುಂಡು ದಿಂಬು ಇರುತ್ತದೆ. ದಿಂಬಿನ ನಡುವಿಗೆ ಕೂರದೆ ಮುಂದಿನ ಅರ್ಧಕ್ಕೆ ಕೂರು. ಸೊಂಟ ಮಂಡಿಗಿಂತ ಮೇಲಿರಬೇಕು, ಎರಡೂ ಮಂಡಿ ನೆಲಕ್ಕೆ ತಾಗಬೇಕು. ತಾಗದಿದ್ದರೆ ದಿಂಬಿನ ಕೆಳಗೆ ಕಂಬಳಿ ಮಡಚಿಡು, ಇಲ್ಲವೇ ಮಂಡಿಯ ಕೆಳಗೆ ಟವೆಲ್ ಸುತ್ತಿ ತುರುಕು. ಹಾಗೇ ಬಿಟ್ಟರೆ ಹತ್ತೇ ನಿಮಿಷಕ್ಕೆ ಬೆನ್ನು ಬಾಗಿ ಹೆಗಲು ನೋಯುತ್ತದೆ. ಊಟಕ್ಕೆ ಚಕ್ಕಂಬಕ್ಕಳ ಹಾಕಿ ಕೂತು ಬೆಳೆದವಳು ನಾನು ಅನ್ನುವ ಜಂಬ ಬೇಡ. ಊಟಕ್ಕೆ ಕೂತಾಗ ನಾವು ಗಳಿಗೆಗೊಮ್ಮೆ ಹೊರಳುತ್ತೇವೆ, ಇಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಅಲುಗುವುದಿಲ್ಲ. ಕುರ್ಚಿಯಲ್ಲಿ ಕೂತರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಪಾದ ಎರಡೂ ನೆಲಕ್ಕೆ ಊರಿದ್ದರೆ ಸಾಕು. ಬಿಗಿ ಜೀನ್ಸ್ ಹಾಕಿಕೊಂಡು ಹೋಗಬೇಡ, ಒಂದು ಶಾಲು ಇಟ್ಟುಕೋ. ಅಲುಗದೆ ಕೂತರೆ ಮೈ ಬೇಗ ತಣ್ಣಗಾಗುತ್ತದೆ.

ಕಾಲು ಜೋಮು ಹಿಡಿಯುವುದು ನರ ಅದುಮಿಹೋಗಿದ್ದರಿಂದ. ಗಾಬರಿಯಾಗುವಂಥದ್ದೇನಲ್ಲ, ಆದರೆ ಗಂಟೆಯಾದ ಕೂಡಲೇ ದಡಕ್ಕನೆ ಎದ್ದರೆ ಪಾದ ಎಲ್ಲಿದೆಯೆಂದೇ ತಿಳಿಯದೆ ಕಾಲು ಉಳುಕುತ್ತದೆ. ಕಾಲು ಚಾಚಿ, ತಿಕ್ಕಿ, ಬೆರಳು ಆಡಿಸಿ ಆಮೇಲೆ ಏಳು. ಎಲ್ಲರೂ ಕಾಯುತ್ತಾರೆ.

ಉಸಿರಿನ ವಿಷಯದಲ್ಲಿ ನಮ್ಮ ಕಡೆಯವರು ತಪ್ಪುವ ಜಾಗ ಒಂದಿದೆ. ಶಾಲೆಯಲ್ಲಿ ಪ್ರಾಣಾಯಾಮ ಕಲಿತ ಅಭ್ಯಾಸಕ್ಕೆ ಉಸಿರನ್ನು ಎಳೆಯುತ್ತೇವೆ, ಹಿಡಿಯುತ್ತೇವೆ, ಎಣಿಸುತ್ತೇವೆ. ಸ್ವಲ್ಪ ಹೊತ್ತಿಗೆ ಎದೆ ಬಿಗಿಯುತ್ತದೆ, ತಲೆ ಹಗುರಾಗುತ್ತದೆ. ಇಲ್ಲಿ ಉಸಿರನ್ನು ಅದರ ಪಾಡಿಗೆ ಬಿಡಬೇಕು. ಉದ್ದವಿದ್ದರೆ ಉದ್ದ, ಗಿಡ್ಡವಿದ್ದರೆ ಗಿಡ್ಡ ಅಂತ ಗೊತ್ತಿದ್ದರಾಯಿತು. ಉಸಿರನ್ನು ಗಮನಿಸುವ ಬಗ್ಗೆ ಬುದ್ಧ ಹೇಳಿದ ಆನಾಪಾನಸತಿ ಸುತ್ತದ ಹದಿನಾರು ಅಭ್ಯಾಸಗಳಲ್ಲಿ ಮೊದಲ ಎರಡು ಇವೇ, ಮೊದಲ ಕೆಲವು ತಿಂಗಳಿಗೆ ಬೇಕಾದಷ್ಟಾಯಿತು. ಉಸಿರು ಗಮನಿಸಿದಷ್ಟೂ ಆತಂಕ ಹೆಚ್ಚಾಗುವ ದಿನಗಳೂ ಇರುತ್ತವೆ. ಆಗ ಉಸಿರು ಬಿಟ್ಟು, ಅಂಗಾಲು ನೆಲಕ್ಕೆ ತಾಗಿದ ಜಾಗಕ್ಕೆ ಗಮನ ತಾ, ಇಲ್ಲವೇ ಹೊರಗಿನ ಸದ್ದು ಕೇಳುತ್ತ ಕೂರು. ಕಣ್ಣು ತೆರೆದಿಟ್ಟರೂ ನಡೆಯುತ್ತದೆ.

ಆಮೇಲೆ ನಡಿಗೆ. ಒಳಗಾದರೆ ಸಾಲಾಗಿ, ಒಂದು ಹೆಜ್ಜೆಗೆ ಉಸಿರು ಒಳಕ್ಕೆ, ಇನ್ನೊಂದಕ್ಕೆ ಹೊರಕ್ಕೆ. ಹೊರಗಾದರೆ ಉಸಿರೆಳೆಯುವಾಗ ಎರಡೋ ಮೂರೋ ಹೆಜ್ಜೆ, ಬಿಡುವಾಗ ಇನ್ನೊಂದು ಹೆಚ್ಚು. ಉಸಿರು ಮುಂದೆ, ಹೆಜ್ಜೆ ಹಿಂದೆ. ತಿರುವುಮುರುವಾದರೆ ಏದುಸಿರು ಬರುತ್ತದೆ. ಮಧ್ಯೆ ಎಲ್ಲಾದರೂ ಗಂಟೆ ಕೇಳಿದರೆ ಎಲ್ಲರೂ ನಿಂತುಬಿಡುತ್ತಾರೆ, ನೀನೂ ನಿಂತು ಮೂರು ಉಸಿರು ಬಿಡು. ಗಂಟೆ ಬಾರಿಸುವ ಕೆಲಸ ನಿನಗೇ ಬಂದರೆ ಬಟ್ಟಲಿನಂಥ ಆ ಗಂಟೆಯನ್ನು ಚಪ್ಪಟೆ ಅಂಗೈ ಮೇಲಿಡು, ಬೆರಳು ಸುತ್ತಿ ಹಿಡಿದರೆ ನಾದ ಸತ್ತುಹೋಗುತ್ತದೆ. ಮೊದಲು ಕೋಲನ್ನು ಅಂಚಿಗೆ ಒತ್ತಿ ಅರ್ಧ ಸದ್ದು. ಒಂದು ಉಸಿರು ಬಿಟ್ಟು, ಆಮೇಲೆ ಪೂರ್ತಿ ನಾದ. ಹಾಡು ಬಂದಾಗ ಕೈ ಆಡಿಸುತ್ತ ಪುಟ್ಟಮಕ್ಕಳ ಹಾಗೆ ಹಾಡುತ್ತಾರೆ. ನಾಚಿಕೆಯಾದರೆ ಸುಮ್ಮನೆ ಕೇಳು.

ಕೊನೆಗೆ ಎಲ್ಲರೂ ದುಂಡಗೆ ಕೂತು ಮನಸ್ಸಿನ ಮಾತು ಹೇಳಿಕೊಳ್ಳುವ ಹೊತ್ತು. ಅದರ ನಿಯಮ ಸರಿಯಾಗಿ ತಿಳಿದುಕೋ. ಮಾತಾಡಬೇಕೆನ್ನಿಸಿದವರು ಕೈಮುಗಿಯುತ್ತಾರೆ, ಉಳಿದವರು ಪ್ರತಿಯಾಗಿ ಕೈಮುಗಿಯುತ್ತಾರೆ. ಅಲ್ಲಿಂದ ಅವರು ಮತ್ತೆ ಕೈಮುಗಿಯುವ ತನಕ ಮಾತು ಅವರದು. ಮಧ್ಯೆ ಬಾಯಿ ಹಾಕುವಂತಿಲ್ಲ, ಮುಗಿದ ಮೇಲೆ ಉತ್ತರ ಕೊಡುವಂತಿಲ್ಲ, ಕೇಳದೆ ಬುದ್ಧಿ ಹೇಳುವಂತಿಲ್ಲ. ಹೇಳುವುದು ನಿನ್ನ ಅನುಭವ ಮಾತ್ರ. ಓದಿದ್ದು, ಯಾರೋ ಅಂದಿದ್ದು ಬೇಡ. ಹತ್ತು ಜನ, ಮುಕ್ಕಾಲು ಗಂಟೆ ಅಂದರೆ ಒಬ್ಬೊಬ್ಬರಿಗೆ ನಾಲ್ಕು ನಿಮಿಷದ ಮೇಲೆ ಚೂರು, ಲೆಕ್ಕ ಇಟ್ಟುಕೋ. ಏನೂ ಹೇಳದೆ ಎದ್ದು ಬಂದರೂ ತಪ್ಪಿಲ್ಲ.

ನಮ್ಮವರಿಗೆ ಇಲ್ಲಿ ಕಷ್ಟವಾಗುವುದು ಬುದ್ಧಿ ಹೇಳುವ ಚಾಳಿ. ಎದುರಿಗಿದ್ದವಳು "ಎರಡು ವರ್ಷದಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದೇನೆ" ಅಂದಳು ಅನ್ನು. ಅವಳು ಉಸಿರು ತೆಗೆದುಕೊಳ್ಳುವುದರೊಳಗೆ ನಾವು "ಒಂದು ಫೋನ್ ಮಾಡಿಬಿಡು, ಎಷ್ಟಾದರೂ ಅಪ್ಪ" ಅಂದಿರುತ್ತೇವೆ. ಅವಳ ಮಾತು ಅಲ್ಲಿಗೆ ನಿಂತುಹೋಗುತ್ತದೆ, ಮುಂದಿನ ವಾರ ಅವಳು ಹವಾಮಾನದ ಬಗ್ಗೆ ಮಾತಾಡುತ್ತಾಳೆ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು ಅನ್ನುವುದು ಇನ್ನೊಂದು ನಿಯಮ, ಅದರ ಎಳೆ ಉದ್ದ. ಹೊರಗೆ ಟ್ರಾಮ್ ಸ್ಟಾಪಿನಲ್ಲಿ ಅವಳೇ ಸಿಕ್ಕರೂ, "ನೀನು ಆವತ್ತು ಹೇಳಿದ ವಿಷಯ ಮಾತಾಡಬಹುದಾ?" ಅಂತ ಮೊದಲು ಕೇಳಬೇಕು. ಬೇಡ ಅಂದರೆ ಬೇಡ. ನನಗೂ ಅವಳ ಹೆಸರು ಹಿಡಿದು ಹೇಳಬೇಡ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಗೆಳೆತನ ಹುಟ್ಟದೇ ಹೋಗಬಹುದು. ತಿಂಗಳುಗಟ್ಟಲೆ ಬಂದು, ಕಣ್ಣುಮುಚ್ಚಿ, ಕೈಮುಗಿದು, ಯಾರ ಮನೆ ಎಲ್ಲಿ ಅಂತಲೂ ತಿಳಿಯದೆ ಬಿಟ್ಟುಹೋಗುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಗಂಟೆಯಾದ ಕೂಡಲೇ ಶೂ ಹಾಕಿಕೊಂಡು ಹೊರಡುವವರು ಅವರು. ನೀನು ಹದಿನೈದು ನಿಮಿಷ ಮೊದಲು ಹೋಗಿ ದಿಂಬು ಹಾಸು. ಮುಗಿದ ಮೇಲೆ ಕಪ್ಪು ತೊಳೆ. ಎರಡನೇ ವಾರಕ್ಕೆ, "ನನಗೊಂದು ಕೆಲಸ ಕೊಡಿ" ಅಂತ ಬಾಯಿಬಿಟ್ಟು ಕೇಳು. ಭಾಷೆ ಇನ್ನೂ ಪೂರ್ತಿ ಬಾರದವಳಿಗೆ ಸಿಂಕ್‌ನ ಪಕ್ಕ ನಿಂತು ಆಡುವ ಮಾತಿನಷ್ಟು ಸಲೀಸಾದ ಮಾತು ಬೇರಿಲ್ಲ: ಇದು ಒಣಗಿತಾ, ಅದು ಎಲ್ಲಿಡಲಿ, ನಾಳೆ ಪರೀಕ್ಷೆಯಾ.

ಇದು ನಾನು ಕಟ್ಟಿದ ಸಿದ್ಧಾಂತವಲ್ಲ. ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮನಿಕಾಯದಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಅನ್ನುವ ಮೂವರು ಭಿಕ್ಷುಗಳು ಗೋಸಿಂಗದ ಸಾಲವನದಲ್ಲಿ ಒಟ್ಟಿಗಿರುತ್ತಾರೆ. ಬುದ್ಧ ಅಲ್ಲಿಗೆ ಬಂದು, ಹಾಲು ನೀರು ಬೆರೆತ ಹಾಗೆ ಹೊಂದಿಕೊಂಡಿದ್ದೀರಾ, ಹೇಗೆ ಅಂತ ವಿಚಾರಿಸುತ್ತಾನೆ. ಅವರು ಕೊಡುವ ಉತ್ತರದಲ್ಲಿ ಮೈತ್ರಿಯ ಮಾತೂ ಇದೆ, ಅದರ ಜೊತೆಗೆ ಮನೆಗೆಲಸದ ಪಟ್ಟಿಯೂ ಇದೆ. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಕಿ, ಕುಡಿಯುವ ನೀರು, ಕಾಲು ತೊಳೆಯುವ ನೀರು ಇಡುತ್ತಾನೆ. ಕೊನೆಗೆ ಬಂದವನು ಉಳಿದದ್ದು ಉಂಡು, ಎಲ್ಲ ಎತ್ತಿಟ್ಟು, ಊಟದ ಜಾಗ ಗುಡಿಸುತ್ತಾನೆ. ನೀರಿನ ಕೊಡ ಬರಿದಾದದ್ದು ಯಾರ ಕಣ್ಣಿಗೆ ಬಿತ್ತೋ ಅವರು ತುಂಬುತ್ತಾರೆ. ಭಾರವಾದರೆ ಕೈಸನ್ನೆ ಮಾಡಿ ಇನ್ನೊಬ್ಬನನ್ನು ಕರೆಯುತ್ತಾರೆ, ಅದಕ್ಕೋಸ್ಕರ ಮೌನ ಮುರಿಯುವುದಿಲ್ಲ. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧಮ್ಮದ ಮಾತಾಡುತ್ತಾರೆ. ಕಲ್ಯಾಣಮಿತ್ರರು, ಅಂದರೆ ಒಳ್ಳೆಯ ಗೆಳೆಯರು, ಇರುವುದು ಈ ದಾರಿಯ ಅರ್ಧಭಾಗ ಅಂತ ಶಿಷ್ಯ ಆನಂದ ಹೇಳಿದಾಗ, ಅರ್ಧವಲ್ಲ, ಅದೇ ಪೂರ್ತಿ ಅಂತ ಬುದ್ಧ ತಿದ್ದಿದ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನಗೆ ಆ ನೀರಿನ ಕೊಡದ ಪ್ರಸಂಗವೇ ಹೆಚ್ಚು ಹಿಡಿಸುತ್ತದೆ.

ಪ್ಲಮ್ ವಿಲೇಜಿನಲ್ಲಿ ಇದಕ್ಕೊಂದು ಏರ್ಪಾಡೇ ಇದೆ, 'ಎರಡನೇ ದೇಹ' ಅನ್ನುತ್ತಾರೆ. ನಿನ್ನ ಮೈ ಮೊದಲನೇ ದೇಹ. ನಿನಗೆ ವಹಿಸಿದ ಒಬ್ಬರು ನಿನ್ನ ಎರಡನೇ ದೇಹ. ಅವರಿಗೆ ಮತ್ತೊಬ್ಬರು, ಹೀಗೆ ಕೊಂಡಿ ಹೋಗಿ ಸುತ್ತು ನಿನಗೇ ಬಂದು ಸೇರುತ್ತದೆ. ಅವರು ಊಟಕ್ಕೆ ಬಂದರಾ, ಜ್ವರವಾ, ಹೊರಡುವಾಗ ಹಿಂದೆ ಉಳಿದರಾ ಅಂತ ನೋಡುವುದು ನಿನ್ನ ಪಾಲಿನ ಕೆಲಸ. ಯಾರ ಮೇಲೆ ಅಕ್ಕರೆ ಬರುತ್ತದೋ ಅವರನ್ನು ಆರಿಸಿಕೊಳ್ಳುವ ಮಾತಿಲ್ಲ, ಅದೇ ಇದರ ಸೊಗಸು. ನಿನ್ನ ಗುಂಪಿನಲ್ಲಿ ಇದು ಇಲ್ಲದಿದ್ದರೆ ನೀನೇ ಕೇಳಿ ಶುರುಮಾಡು. ಚೀಟಿ ಎತ್ತಿ, ಒಂದು ತಿಂಗಳಿಗೆ ಒಬ್ಬರು. ವಾರಕ್ಕೊಂದು ಮೆಸೇಜ್, ಬಾರದಿದ್ದ ದಿನ ಒಂದು ಫೋನ್, ಅಷ್ಟೇ. ಇದಕ್ಕಿಂತ ಹೆಚ್ಚು ಮಾಡಹೋದರೆ ಹೊರೆಯಾಗಿ ಎರಡನೇ ತಿಂಗಳಿಗೆ ನಿಂತುಹೋಗುತ್ತದೆ.

ಜಗಳವೂ ಬರುತ್ತದೆ. ಧ್ಯಾನ ಮಾಡುವವರು ಕೋಪವನ್ನು ನಗುಮುಖದ ಹಿಂದೆ ಬಚ್ಚಿಡುತ್ತಾರೆ, ಅದರಿಂದ ಜಗಳ ಮುಗಿಯುವುದೇ ಇಲ್ಲ. ಅವರದೇ ರೂಢಿಯೊಂದಿದೆ: ನೋವಾದರೆ 24 ಗಂಟೆಯೊಳಗೆ ತಿಳಿಸಬೇಕು, ಆದರೆ ಕುದಿಯುತ್ತಿರುವಾಗಲ್ಲ. ನನಗೆ ನೋವಾಗಿದೆ, ನಾನು ಸಂಭಾಳಿಸಿಕೊಳ್ಳುತ್ತಿದ್ದೇನೆ, ನಿನ್ನ ಸಹಾಯ ಬೇಕು, ಈ ಮೂರು ಮಾತು ಸಾಕು. ಉಳಿದದ್ದು ತಣ್ಣಗಾದ ಮೇಲೆ ಕೂತು ಮಾತಾಡಿ. ಹಾಗೆ ಕೂತಾಗ ಮೊದಲು ಎದುರಿನವರ ಒಳ್ಳೆಯದನ್ನು ಹೇಳುವುದು ಕ್ರಮ. "ನೀನು ತುಂಬ ಒಳ್ಳೆಯವಳು" ಅಂದರೆ ಗಾಳಿಗೆ ಹೋಗುತ್ತದೆ. "ಹೋದ ಸಲ ಮಳೆಯಲ್ಲಿ ನನ್ನನ್ನು ಸ್ಟೇಷನ್ ತನಕ ಬಿಟ್ಟೆ" ಅನ್ನು.

ಅಪ್ಪಿಕೊಳ್ಳುವ ಅಭ್ಯಾಸವೂ ಇದೆ, ಕೈಮುಗಿದು ಮೂರು ಉಸಿರಿನಷ್ಟು ಹೊತ್ತು. ಇಷ್ಟವಿಲ್ಲದಿದ್ದರೆ ಮುಗಿದ ಕೈ ಬಿಡಿಸಬೇಡ, ಎದುರಿನವರಿಗೆ ಅರ್ಥವಾಗುತ್ತದೆ. ಅರ್ಥವಾಗದವರ ಪಕ್ಕ ಮುಂದಿನ ಸಲ ಕೂರಬೇಡ.

ಪಂಚಶೀಲವನ್ನು ಈ ಕಾಲಕ್ಕೆ ಒಗ್ಗುವಂತೆ ಬರೆದ ಐದು ಪಾಠಗಳನ್ನು ಆಗಾಗ ಗಟ್ಟಿಯಾಗಿ ಓದುತ್ತಾರೆ: ಜೀವದ ಮೇಲೆ ಗೌರವ, ನಿಜವಾದ ಸುಖ, ನಿಜವಾದ ಪ್ರೀತಿ, ಒಳ್ಳೆಯ ಮಾತು ಮತ್ತು ಕೇಳುವ ಕಿವಿ, ಕೊನೆಗೆ ಆಹಾರ. ಕೊನೆಯದರಲ್ಲಿ ಮದ್ಯವೂ ಬರುತ್ತದೆ, ಫೋನಿನಲ್ಲಿ ನೋಡುವುದೂ ಬರುತ್ತದೆ. ಶಿಬಿರದ ಕೊನೆಗೆ ಇವನ್ನು ವಿಧಿವತ್ತಾಗಿ ಸ್ವೀಕರಿಸುವವರಿಗೆ ಹೊಸ ಹೆಸರು ಕೊಡುತ್ತಾರೆ. ಜೊತೆಯವರೆಲ್ಲ ಎದ್ದರು ಅಂತ ನೀನೂ ಏಳಬೇಕಿಲ್ಲ, ವರ್ಷ ಕಾಯಿ. ಮನೆದೇವರನ್ನು ಬಿಡು ಅಂತ ಯಾರೂ ಹೇಳುವುದಿಲ್ಲ. ಬೌದ್ಧ ಸಿದ್ಧಾಂತಕ್ಕೂ ಕಣ್ಣುಮುಚ್ಚಿ ಅಂಟಿಕೊಳ್ಳಬೇಡ ಅನ್ನುವುದು ಅವರದೇ ಪಾಠ. ಯಾವ ಗುಂಪೇ ಇರಲಿ, ದುಡ್ಡಿಗೆ ಒತ್ತಾಯ ಮಾಡಿದರೆ, ಮನೆಯವರಿಂದ ದೂರ ಇರು ಅಂದರೆ, ಆವತ್ತೇ ಎದ್ದು ಬಾ. ರಾತ್ರಿ ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಆದರೆ ಅದನ್ನು ದುಂಡು ಕೂಟದಲ್ಲಿ ಬಗೆಹರಿಸಲು ಹೋಗಬೇಡ. ನಡೆಸುವವರು ನಿನ್ನಂಥವರೇ, ವೈದ್ಯರಲ್ಲ. ವಿಶ್ವವಿದ್ಯಾಲಯದ ಷ್ಟುಡೀರೆಂಡನ್‌ವೆರ್ಕ್‌ನಲ್ಲಿ, ಅಂದರೆ ವಿದ್ಯಾರ್ಥಿಗಳ ಕ್ಷೇಮ ನೋಡುವ ಸಂಸ್ಥೆಯಲ್ಲಿ, ಆಪ್ತಸಲಹೆಗಾರರಿದ್ದಾರೆ, ಅಲ್ಲಿಗೆ ಹೋಗು.

ನಾಲ್ಕೈದು ವಾರ ಕಳೆದ ಮೇಲೆ ಒಂದು ವಾರಾಂತ್ಯ ವಾಲ್ಡ್‌ಬ್ರೋಲ್‌ಗೆ ಹೋಗಿಬಾ, ಕಲೋನ್‌ನಿಂದ ಪೂರ್ವಕ್ಕೆ ದೂರವೇನಿಲ್ಲ. 2008ರಲ್ಲಿ ಶುರುವಾದ ಇದೇ ಪರಂಪರೆಯ ಸಂಸ್ಥೆ ಅಲ್ಲಿದೆ. ಆ ಕಟ್ಟಡ ಹಿಂದೆ ಮಾನಸಿಕ ರೋಗಿಗಳ ಆಸ್ಪತ್ರೆ. ನಾಜಿಗಳ ಕಾಲದಲ್ಲಿ ಅವರನ್ನು ಅಲ್ಲಿಂದ ಸಾಗಹಾಕಿದರು, ಎಷ್ಟೋ ಜನ ಕೊಲೆಯಾದರು. ಈಗ ಅಲ್ಲಿರುವ ಭಿಕ್ಷುಗಳು, ಭಿಕ್ಷುಣಿಯರು ಅದನ್ನು ಮುಚ್ಚಿಡುವುದಿಲ್ಲ, ಸತ್ತವರನ್ನು ನೆನೆಯುತ್ತಾರೆ. ಮಾತಾಡದೆ ಉಣ್ಣಬೇಕು, ಬೆಳಗ್ಗೆ ಬೇಗ ಏಳಬೇಕು, ತರಕಾರಿ ಹೆಚ್ಚಬೇಕು. ಮೊಸರು ಸಿಗುವುದಿಲ್ಲ, ಹಾಲಿನದ್ದೇನೂ ಇರುವುದಿಲ್ಲ. ತಡೆದುಕೋ.

ನಿನ್ನ ಗುಂಪಿನಲ್ಲೂ ಒಟ್ಟಿಗೆ ಊಟ ಇಟ್ಟುಕೊಂಡರೆ ಚಿತ್ರಾನ್ನ ಮಾಡಿಕೊಂಡು ಹೋಗು, ತುಪ್ಪ ಹಾಕಬೇಡ. ಎರಡು ಪಾವು ಅಕ್ಕಿ ಎಂಟು ಜನಕ್ಕೆ ಸರಿಹೋಗುತ್ತದೆ, ಬೇರೆಯವರೂ ತಂದಿರುತ್ತಾರೆ. ಮೆಣಸಿನಕಾಯಿ ಕಮ್ಮಿ ಹಾಕು. ಕಡಲೆಕಾಯಿ ಬೀಜ ಅನ್ನಕ್ಕೆ ಬೆರೆಸದೆ ಬೇರೆ ಡಬ್ಬಿಯಲ್ಲಿಟ್ಟು ಮೇಲೆ ಚೀಟಿ ಅಂಟಿಸು, ಅದು ಆಗದವರು ಇದ್ದರೆ ಕಷ್ಟ. ಒಗ್ಗರಣೆಗೂ ಕಡಲೆಕಾಯಿ ಎಣ್ಣೆ ಬೇಡ, ಸೂರ್ಯಕಾಂತಿ ಎಣ್ಣೆ ಹಾಕು.

ಇಂತಿ,
ಅಮ್ಮ