ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರ ನಡಿಗೆ ಅಭ್ಯಾಸ ಕೇಂದ್ರಕ್ಕಾಗಿ ದೇಣಿಗೆ ಮನವಿ

ಊರ ಪರವೂರ ಭಗವದ್ಭಕ್ತರೇ, ದಾನಿಗಳೇ,

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪರಿಸರದ ನಮ್ಮ ದೇವಸ್ಥಾನದ ಜೀರ್ಣೋದ್ಧಾರವನ್ನೂ ಬ್ರಹ್ಮಕಲಶೋತ್ಸವವನ್ನೂ ತನು ಮನ ಧನಗಳಿಂದ ನಡೆಸಿಕೊಟ್ಟವರು ತಾವು. ಪಾರ್ಶ್ವವಾಯು ಬಡಿದು ಪ್ರಾಣಾಪಾಯದಿಂದ ಪಾರಾದರೂ ಮನೆಯ ಹೊಸ್ತಿಲು ದಾಟಲು ಅಂಜುತ್ತಿರುವ ನಮ್ಮೂರಿನವರಿಗಾಗಿ ಈ ಸಲ ದೇವಸ್ಥಾನದ ಸೇವಾ ಸಮಿತಿಯು ತಮ್ಮ ಮುಂದೆ ಕೈಚಾಚಿದೆ.

ಮೆದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತರೆ ಅಥವಾ ಅಲ್ಲಿನ ರಕ್ತನಾಳ ಒಡೆದರೆ ದೇಹದ ಬಲಭಾಗವೂ, ಬಲಭಾಗದಲ್ಲಿ ಹಾಗಾದರೆ ಎಡಭಾಗವೂ ಸ್ವಾಧೀನ ತಪ್ಪುತ್ತದೆ. ಕಳೆದುಕೊಂಡ ಚಲನೆ ಹೆಚ್ಚಿನವರಲ್ಲಿ ಬೇಗಬೇಗನೆ ಮರಳುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಆಮೇಲೆಯೂ ಅಭ್ಯಾಸ ಬಿಡದವರು ನಿಧಾನವಾಗಿ ಸುಧಾರಿಸುತ್ತಾರೆ. ನಮ್ಮಲ್ಲಿ ವ್ಯರ್ಥವಾಗುತ್ತಿರುವುದು ಈ ಅಮೂಲ್ಯವಾದ ತಿಂಗಳುಗಳೇ. ಮಂಗಳೂರಿನ ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದವರ ಮನೆ ಅಡಿಕೆ ತೋಟದ ತಗ್ಗಿನಲ್ಲಿರುತ್ತದೆ. ರಸ್ತೆಗೆ ಏರಬೇಕಾದರೆ ಮುರಕಲ್ಲಿನ ಮೆಟ್ಟಿಲು, ಮಳೆಗಾಲದಲ್ಲಿ ಅದರ ಮೇಲೆ ಹಾವಸೆ. ವಾರಕ್ಕೆ ಹಲವು ಸಲ ಬಾಡಿಗೆ ಕಾರು ಮಾಡಿಕೊಂಡು ಕಾಸರಗೋಡಿಗೋ ಮಂಗಳೂರಿಗೋ ಫಿಸಿಯೋಥೆರಪಿಗೆ ಹೋಗಿಬರುವುದು ಕೂಲಿ ಮಾಡಿ ಬದುಕುವ ಕುಟುಂಬಕ್ಕೆ ಹೆಚ್ಚು ದಿನ ಸಾಧ್ಯವಾಗುವುದಿಲ್ಲ. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಆರೈಕೆಗೆ (ದೀರ್ಘಕಾಲದ ರೋಗಿಗಳ ನೋವು, ನರಳಾಟ ತಗ್ಗಿಸುವ ಆರೈಕೆಗೆ) ನೀತಿ ರೂಪಿಸಿದ ಮೇಲೆ ಪಂಚಾಯತುಗಳ ನರ್ಸ್‌ಗಳು ಮನೆಮನೆಗೆ ಬಂದು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವುದು ದೊಡ್ಡ ಉಪಕಾರ. ಆದರೆ ಎದ್ದು ನಡೆಯಬೇಕಾದವರಿಗೆ ಅಗತ್ಯವಾದ ದಿನನಿತ್ಯದ ಅಭ್ಯಾಸಕ್ಕೆ ಬೇರೆಯೇ ಏರ್ಪಾಡು ಬೇಕು.

ಕೈಕಾಲಿಗೆ ಬಲ ಬಂದರೂ ಧೈರ್ಯ ಬಾರದಿರುವುದನ್ನು ನಾವು ಮನೆಮನೆಗಳಲ್ಲಿ ಕಾಣುತ್ತಿದ್ದೇವೆ. ಒಮ್ಮೆ ಬಚ್ಚಲಿನಲ್ಲಿ ಜಾರಿ ಬಿದ್ದವರು ಮತ್ತೆ ಬೀಳುವ ಭಯದಿಂದ ಕುರ್ಚಿ ಬಿಟ್ಟು ಏಳುವುದಿಲ್ಲ. "ನೀವು ಕೂತುಕೊಳ್ಳಿ, ನಾವು ಮಾಡ್ತೇವೆ" ಎಂದು ಮನೆಯವರು ಪ್ರೀತಿಯಿಂದಲೇ ತಡೆಯುತ್ತಾರೆ. ಕೂತಷ್ಟೂ ಕಾಲಿನ ಶಕ್ತಿ ಕುಂದುತ್ತದೆ, ಶಕ್ತಿ ಕುಂದಿದಷ್ಟೂ ಭಯ ಬೆಳೆಯುತ್ತದೆ. ಪಾರ್ಶ್ವವಾಯುವಿಗೆ ಒಳಗಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಬಾಯಿ ಓರೆಯಾಗಿದೆ, ಕಾಲು ಎಳೆದು ನಡೆಯಬೇಕಾಗಿದೆ ಎಂಬ ಸಂಕೋಚದಿಂದ ಮದುವೆ, ಜಾತ್ರೆಗಳಿಗೆ ಬರುವುದನ್ನೇ ನಿಲ್ಲಿಸಿದವರಿದ್ದಾರೆ.

ಅಡಿಕೆ ಸುಲಿಯುವುದರಲ್ಲಿ ಹೆಸರಾಗಿದ್ದ ಹಿರಿಯರೊಬ್ಬರು ಬಲಗೈಯನ್ನು ಸದಾ ಮಡಿಲಲ್ಲಿ ಇಟ್ಟುಕೊಂಡು ಚಹಾದ ಲೋಟದಿಂದ ಹಿಡಿದು ಎಲ್ಲವನ್ನೂ ಎಡಗೈಯಲ್ಲೇ ಎತ್ತುತ್ತಿದ್ದರು. ದೇವಸ್ಥಾನದ ಸಭಾಭವನಕ್ಕೆ ಭಾನುವಾರಗಳಂದು ಸೇವಾಭಾವದಿಂದ ಬರುವ ಫಿಸಿಯೋಥೆರಪಿಸ್ಟ್ ಈ ಹಿರಿಯರ ಮುಂದೆ ಎರಡು ಬುಟ್ಟಿಗಳನ್ನಿಟ್ಟು, ಒಂದರಲ್ಲಿದ್ದ ಅಡಿಕೆಗಳನ್ನು ಒಂದೊಂದಾಗಿ ಬಲಗೈಯಿಂದಲೇ ಇನ್ನೊಂದಕ್ಕೆ ಹಾಕಲು ಹೇಳಿದರು. ಮೊದಲು ಬೆರಳುಗಳು ತೆರೆದುಕೊಳ್ಳಲೇ ಇಲ್ಲ. ಹಿಡಿದ ಅಡಿಕೆಯೂ ಜಾರಿ ಬೀಳುತ್ತಿತ್ತು. ಈಗ ಅವರು ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಳ್ಳುತ್ತಾರೆ. ಇದು ಪವಾಡವಲ್ಲ. ಸ್ವಲ್ಪವಾದರೂ ಬೆರಳು ಆಡಿಸಬಲ್ಲವರ ಸರಿಯಿರುವ ಕೈಗೆ ಗವಸು ತೊಡಿಸಿ ಬಲಹೀನ ಕೈಯಿಂದಲೇ ಎರಡು ವಾರ ಕೆಲಸ ಮಾಡಿಸಿದಾಗ ಆದ ಸುಧಾರಣೆಯು ಒಂದು ವರ್ಷದ ಬಳಿಕವೂ ಉಳಿದಿತ್ತೆಂದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ.

ಈ ಭಾನುವಾರದ ಅಭ್ಯಾಸವನ್ನು ವಾರದ ಆರು ದಿನವೂ ನಡೆಸಬೇಕೆಂಬುದು ನಮ್ಮ ಸಂಕಲ್ಪ. ಹಳೆಯ ಭೋಜನಶಾಲೆಯನ್ನು ಅದಕ್ಕಾಗಿ ಬಿಟ್ಟುಕೊಡಲಾಗಿದೆ. ಎರಡೂ ಬದಿ ಹಿಡಿದು ನಡೆಯುವ ಕಂಬಿಗಳು, ಕೈಹಿಡಿಯುಳ್ಳ ಅಭ್ಯಾಸದ ಮೆಟ್ಟಿಲು, ವಾಕರ್‌ಗಳು, ನಾಲ್ಕು ಕಾಲಿನ ಊರುಗೋಲುಗಳು, ಪಾದ ಜೋತುಬೀಳುವವರಿಗೆ ಅದನ್ನು ಎತ್ತಿ ಹಿಡಿಯುವ ಆಧಾರಪಟ್ಟಿ (ಸ್ಪ್ಲಿಂಟ್) ಬೇಕಾಗಿವೆ. ಇವೆಲ್ಲಕ್ಕಿಂತ ಮುಖ್ಯವೆಂದು ಸಮಿತಿ ಭಾವಿಸಿರುವುದು ತುಳು, ಕನ್ನಡ ಬಲ್ಲ ಪೂರ್ಣಾವಧಿಯ ಫಿಸಿಯೋಥೆರಪಿಸ್ಟರ ಸಂಬಳ. ಕಲಿಸುವವರಿಲ್ಲದೆ ಉಪಕರಣ ತಂದಿಟ್ಟರೆ ಧೂಳು ಹಿಡಿಯುತ್ತದಷ್ಟೆ. ತೋಟದ ಮನೆಗಳಿಂದ ರೋಗಿಗಳನ್ನು ಕರೆತರುವ ವಾಹನದ ಖರ್ಚೂ ಇದೆ. ಮನೆಯವರಿಗೂ ತರಬೇತಿ ನೀಡಲಾಗುವುದು, ಏಕೆಂದರೆ ಬಲಹೀನವಾದ ಕೈಯನ್ನೇ ಹಿಡಿದೆಳೆದು ಎಬ್ಬಿಸುವುದರಿಂದ ಭುಜದ ಕೀಲಿಗೆ ಪೆಟ್ಟಾಗುತ್ತದೆಂಬುದು ಅನೇಕರಿಗೆ ತಿಳಿದಿಲ್ಲ.

ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ತಂದ ಮನೆಗಳಲ್ಲಿ ಬಳಕೆ ಮುಗಿದು ಅಟ್ಟ ಸೇರಿದ ವಾಕರ್, ಗಾಲಿಕುರ್ಚಿಗಳಿದ್ದರೆ ಅವನ್ನೂ ದಯವಿಟ್ಟು ಕೊಡಿ; ದುರಸ್ತಿ ನಾವು ಮಾಡಿಸಿಕೊಳ್ಳುತ್ತೇವೆ. ಒಂದು ತಿಂಗಳ ಸಂಬಳವನ್ನೋ ಒಬ್ಬ ರೋಗಿಯ ವಾಹನದ ಖರ್ಚನ್ನೋ ಹಿರಿಯರ ಸ್ಮರಣಾರ್ಥ ವಹಿಸಿಕೊಳ್ಳಬಹುದು. ದೇಣಿಗೆಯನ್ನು ದೇವಸ್ಥಾನದ ಕಚೇರಿಯಲ್ಲಿ ನೀಡಿ ರಶೀದಿ ಪಡೆದುಕೊಳ್ಳಬೇಕಾಗಿ ವಿನಂತಿ. ಜಮಾಖರ್ಚಿನ ವಿವರವನ್ನು ಪ್ರತಿ ತಿಂಗಳು ಕಚೇರಿಯ ಫಲಕದಲ್ಲಿ ಪ್ರಕಟಿಸಲಾಗುವುದು. ಜಾತಿ ಮತಗಳ ಭೇದವಿಲ್ಲದೆ ಯಾರು ಬೇಕಾದರೂ ಇಲ್ಲಿ ಉಚಿತವಾಗಿ ಅಭ್ಯಾಸ ಪಡೆಯಬಹುದು. ಹೆಸರು ನೋಂದಾಯಿಸುವಾಗ ಆಸ್ಪತ್ರೆಯ ಬಿಡುಗಡೆ ಪತ್ರವನ್ನೂ ಈಗ ಸೇವಿಸುತ್ತಿರುವ ಮದ್ದಿನ ಚೀಟಿಯನ್ನೂ ಜೊತೆಗೆ ತರಬೇಕು.

ಇತಿ,
ಆಡಳಿತ ಮಂಡಳಿ ಹಾಗೂ ಸೇವಾ ಸಮಿತಿಯ ಸದಸ್ಯರು